ಶಾಲೆಯ ಹಲಗೆಯ ‘ಈ ದಿನದ ವಿಶೇಷ’ಕ್ಕೆ ನಮ್ಮ ಸೀಮೆಯ ದಿನಗಳು

ತುರುವೇಕೆರೆ ಕಡೆಯ ಶಿಕ್ಷಕಿಯ ಕೋರಿಕೆ: ಪ್ರಾರ್ಥನೆಯ ವೇಳೆಗೆ ಹಲಗೆಯ ಮೇಲೆ ಆ ದಿನ ಹುಟ್ಟಿದವರು, ಅಗಲಿದವರು ಮತ್ತು ನಡೆದ ಘಟನೆಗಳನ್ನು ಬರೆಸುವ ಹೊಣೆ ನನ್ನದು. ಮೊಬೈಲಿನಲ್ಲಿ ಸಿಗುವ ಪಟ್ಟಿಗಳಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸುದ್ದಿ ಇಲ್ಲವೆಂಬಷ್ಟು ಕಡಿಮೆ. ಇದ್ದರೂ ಇಸವಿಗಳು ತಾಳೆಯಾಗುವುದಿಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ಅನುಭವ ತಿಳಿಸಬೇಕು.

ಮಾಲೂರಿನ ಶಿಕ್ಷಕರು: ಮೇಡಂ, ಜೂನ್ 6ರಿಂದ ಆರಂಭಿಸಿ. ಮಾಸ್ತಿಯವರು 1891ರಲ್ಲಿ ಹುಟ್ಟಿದ್ದೂ 1986ರಲ್ಲಿ ತೀರಿಕೊಂಡದ್ದೂ ಅದೇ ದಿನ. ಹಲಗೆಯಲ್ಲಿ ಎರಡೂ ಸಾಲು ಬರೆದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು, ‘ಸರ್, ದಿನಾಂಕ ತಪ್ಪಿ ಎರಡು ಸಲ ಬರೆದಿದ್ದೀರಿ’ ಎಂದಳು. ಅಂದಿನ ಪಾಠ ಅಲ್ಲಿಂದಲೇ ಶುರುವಾಯಿತು. ಗೌರಿಬಿದನೂರು ಸೀಮೆಯ ಎಚ್. ನರಸಿಂಹಯ್ಯನವರು ಹುಟ್ಟಿದ್ದೂ 1920ರ ಜೂನ್ 6ರಂದೇ.

ಗೌರಿಬಿದನೂರಿನ ನಿವೃತ್ತ ಶಿಕ್ಷಕರು: ನನ್ನನ್ನು ಬಹಳ ವರ್ಷ ಕಾಡಿದ್ದು ರಜೆಯ ವಿಷಯ. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು 1938ರ ಏಪ್ರಿಲ್ 25ರಂದು. ಆ ಹೊತ್ತಿಗೆ ಬೇಸಿಗೆ ರಜೆ ಬಂದಿರುವುದರಿಂದ, ಪಕ್ಕದ ಊರಿನಲ್ಲೇ ನಡೆದ ಇಂಥ ಘಟನೆ ನಮ್ಮ ಹಲಗೆಯನ್ನು ಮುಟ್ಟಲೇ ಇಲ್ಲ. ಕೊನೆಗೆ ರಜೆಗೆ ಮುಂಚಿನ ಕೊನೆಯ ಪ್ರಾರ್ಥನೆಯನ್ನು ಅದಕ್ಕೆಂದೇ ಮೀಸಲಿಟ್ಟೆ. ಮಡಿದವರ ಸಂಖ್ಯೆ ಒಂದೊಂದು ಕಡೆ ಒಂದೊಂದು ಬಗೆಯಾಗಿ ಇರುವುದರಿಂದ ಸಂಖ್ಯೆ ಬರೆಯಲಿಲ್ಲ. ದಿನ, ಸ್ಥಳ, ಕಾರಣ ಇಷ್ಟನ್ನೇ ಬರೆದೆ. ರಜೆಯಲ್ಲಿ ಬೀಳುವ ದಿನಗಳಿಗೆ ಬೇರೆ ಪುಟವನ್ನೇ ಇಡಿ.

ಚಿಕ್ಕಬಳ್ಳಾಪುರದ ಗ್ರಂಥಪಾಲಕರು: ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ, ಇಸವಿ ಮಾತ್ರ ಕೆಲವೆಡೆ 1860, ಕೆಲವೆಡೆ 1861. ಇಂಥಲ್ಲಿ ಎರಡನ್ನೂ ಬರೆಯುವುದೇ ಮಕ್ಕಳಿಗೆ ಸಲ್ಲಿಸುವ ಮರ್ಯಾದೆ ಎಂದು ನನ್ನ ಅಭಿಪ್ರಾಯ. ತಿಥಿಯ ಪ್ರಕಾರ ಬರುವ ಜಯಂತಿಗಳನ್ನು ಕಳೆದ ವರ್ಷದ ಪಟ್ಟಿ ನೋಡಿ ಬರೆಯಬೇಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ ಬರುವುದರಿಂದ ಅದರ ತಾರೀಖು ಪ್ರತಿವರ್ಷ ಬದಲಾಗುತ್ತದೆ.

ಕೆಜಿಎಫ್‌ನ ಶಿಕ್ಷಕರು: ಚಿನ್ನದ ಗಣಿ ಮುಚ್ಚಿದ ದಿನವನ್ನು ನಾನೊಮ್ಮೆ ಮಾರ್ಚ್ 1 ಎಂದು ಬರೆಸಿದ್ದೆ. ಮಾರನೆಯ ದಿನ ವಿದ್ಯಾರ್ಥಿಯೊಬ್ಬನ ತಾತ, ಗಣಿಯಲ್ಲಿ ದುಡಿದವರು, ಶಾಲೆಯ ಗೇಟಿನವರೆಗೆ ನಡೆದು ಬಂದು, ‘2001ರ ಫೆಬ್ರವರಿ 28, ಸರ್, ನಮಗೆ ಆ ತಾರೀಖು ಮರೆಯುವುದಿಲ್ಲ’ ಎಂದರು. ಅವರ ಎದುರಿಗೇ ಹಲಗೆ ಒರೆಸಿ ತಿದ್ದಿದೆ. ಅಂದಿನಿಂದ ಇಲ್ಲಿನ ಯಾವ ದಿನವನ್ನಾಗಲಿ ಊರಿನ ಹಿರಿಯರೊಬ್ಬರನ್ನು ಕೇಳದೆ ಬರೆಸುವುದಿಲ್ಲ.

ಶಿಕ್ಷಕಿಯ ಮರುನುಡಿ: ಎಲ್ಲರಿಗೂ ವಂದನೆಗಳು. ಬಿ.ಎಂ.ಶ್ರೀ. 1884ರ ಜನವರಿ 3ರಂದು ಹುಟ್ಟಿದ ಸಂಪಿಗೆ ನಮ್ಮ ತಾಲ್ಲೂಕಿನದೇ. ಅವರು ಅಗಲಿದ್ದು 1946ರ ಜನವರಿ 5ರಂದು. ಆ ಊರಿನ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಜನವರಿ 3ರಿಂದ 5ರವರೆಗೆ ಮೂರು ದಿನವೂ ಹಲಗೆ ಬರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿದ್ದೇನೆ, ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದ್ದೇನೆ.