ಹಳೇ ಬುಲೆಟ್ 350 ಮಣ್ಣಿನ ರೇಸಿಗೆ ಆಗುತ್ತಾ?

ಪಾಂಡವಪುರ_ರೈಡರ್:
ಮನೆಯಲ್ಲಿ ಹಳೇ ಎರಕದ ಕಬ್ಬಿಣದ (ಕಾಸ್ಟ್ ಐರನ್) ಎಂಜಿನ್ ಬುಲೆಟ್ ಇದೆ. ವಿಂಟೇಜ್ ಡರ್ಟ್ ರೇಸಿನಲ್ಲಿ ಓಡಿಸುವ ಆಸೆ. ಮೊದಲು ಪವರ್ ಜಾಸ್ತಿ ಮಾಡಿಸಲಾ? ಮೈಸೂರಿನ ಗೆಳೆಯರು ಸುಮ್ನೆ ಯೆಜ್ಡಿ ತಗೋ ಅಂತಾರೆ.

ಯಾದವಗಿರಿ_ಹಳಬ:
ಹಳೇ ಯೆಜ್ಡಿ ನಮ್ಮ ಮೈಸೂರಿನದೇ, ಆದರೆ ಟೂ-ಸ್ಟ್ರೋಕ್, ಅದರ ಸ್ವಭಾವವೇ ಬೇರೆ. ಪವರ್ ಆಮೇಲೆ ನೋಡಿ. ಬುಲೆಟ್ ಬೋರ್ (ಸಿಲಿಂಡರ್ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90 ಮಿ.ಮೀ., ಜೊತೆಗೆ ಎಂಜಿನ್ ಒಳಗೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಹಾಗಾಗಿ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ, ಕೆಸರಲ್ಲಿ ಹಿಂದಿನ ಚಕ್ರ ಸುಲಭಕ್ಕೆ ಜಾರುವುದಿಲ್ಲ. ಜಾಸ್ತಿ ಕಿರುಚಿಸಿದರೆ ಬಿಗ್ ಎಂಡ್‌ನ (ಕನೆಕ್ಟಿಂಗ್ ರಾಡ್‌ನ ಕೆಳತುದಿಯ) ಬುಷ್ ತಡೆಯುವುದಿಲ್ಲ. ತೂಕ 160 ಕೆ.ಜಿ. ದಾಟುತ್ತದೆ ಅಲ್ವಾ, ಮೊದಲು ಅದನ್ನು ಇಳಿಸಿ. ಕಬ್ಬಿಣದ ಮಡ್‌ಗಾರ್ಡ್, ಟೂಲ್ ಬಾಕ್ಸ್, ಕ್ರ್ಯಾಶ್ ಗಾರ್ಡ್ ಎಲ್ಲ ಬಿಚ್ಚಿ. ಗುಜರಿಗೆ ಮಾತ್ರ ಹಾಕಬೇಡಿ!

ಕಬ್ಬಿನಗದ್ದೆ_ಮಂಡ್ಯ:
ಗೇರ್‌ಬಾಕ್ಸ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆಯದು ಹಾಕಿಸಿ, ಟಾಪ್ ಸ್ಪೀಡ್ ಇಳಿದರೂ ಎಳೆತ ಏರುತ್ತದೆ. ಅದಕ್ಕೆ ಕ್ಲಚ್ ಮುಚ್ಚಿರುವ ಪ್ರೈಮರಿ ಕೇಸ್ ಬಿಚ್ಚಬೇಕು, ಆಗಲೇ ಕ್ಲಚ್ ಪ್ಲೇಟೂ ನೋಡಿಬಿಡಿ. ಏರ್ ಫಿಲ್ಟರ್ ತೆಗೆದು ಓಡಿಸುವವರ ಮಾತು ಕೇಳಬೇಡಿ, ನಮ್ಮ ಧೂಳಿಗೆ ಪಿಸ್ಟನ್ ರಿಂಗ್ ಬೇಗ ಸವೆಯುತ್ತದೆ.

ಯಾದವಗಿರಿ_ಹಳಬ:
ಬುಲೆಟ್‌ಗೆ ಮಣ್ಣು ಹೊಸದಲ್ಲ. 1948ರಲ್ಲಿ ಇಟಲಿಯಲ್ಲಿ ನಡೆದ ಆರು ದಿನಗಳ ಟ್ರಯಲ್ ಅನ್ನೋ ಅಂತರರಾಷ್ಟ್ರೀಯ ಬೈಕ್ ಸ್ಪರ್ಧೆಯಲ್ಲಿ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಮೇಲೆ ಕೆಳಗೆ ಆಡಲು ಬಿಡುವ ತೋಳು) ಇದ್ದ ಬುಲೆಟ್‌ಗಳು ಚಿನ್ನದ ಪದಕ ಗೆದ್ದಿದ್ದವು. ನಿಮ್ಮ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ಹೇಗಿದೆ?