ಹಳ್ಳಿ ಮನೆಯ ಲ್ಯಾಂಡ್‌ಲೈನ್ ತೆಗೆಸಬೇಕಾ, ಇಟ್ಟುಕೊಳ್ಳಬೇಕಾ?

ತುಂಗೆದಂಡೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ನಾನು ಬೆಂಗಳೂರಿನಲ್ಲಿ, ಅಪ್ಪಯ್ಯ ಅಮ್ಮ ಊರಲ್ಲಿ. ಅಪ್ಪಯ್ಯನಿಗೆ 79, ಅಮ್ಮನಿಗೆ 72. ಮನೆಯಲ್ಲಿ 1989ರಿಂದ ಲ್ಯಾಂಡ್‌ಲೈನ್ ಇದೆ. ಈಗ ತಾಮ್ರದ ವೈರ್ ತೆಗೆದು ಫೈಬರ್ ಹಾಕುತ್ತೇವೆ, ಬೇಡ ಅಂದರೆ ಕನೆಕ್ಷನ್ ಸರೆಂಡರ್ ಮಾಡಿ ಅಂತ ಕಂಪನಿಯವರು ಹೇಳಿ ಹೋಗಿದ್ದಾರೆ. ಇಬ್ಬರ ಹತ್ತಿರವೂ ಮೊಬೈಲ್ ಇದೆಯಲ್ಲ, ಸುಮ್ನೆ ತಿಂಗಳು ತಿಂಗಳು ಬಿಲ್ ಯಾಕೆ ಕಟ್ಟೋದು ಅಂತ ನನ್ನ ತಮ್ಮನ ವಾದ.

ಆದರೆ ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಕೊಟ್ಟಿಗೆ ದಾಟಿ ದರೆ ಹತ್ತಿ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಎರಡು ದಿನ ಆಯಿತೆಂದರೆ ಅದೂ ಇಲ್ಲ. ಹೋದ ಜುಲೈಯಲ್ಲಿ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಅಪ್ಪಯ್ಯನಿಗೆ ಆ ಗಾಬರಿಯಲ್ಲಿ ಮೊಬೈಲ್ ಎಲ್ಲಿಟ್ಟಿದ್ದೇನೆ ಅಂತಲೇ ನೆನಪಾಗಲಿಲ್ಲ, ಹುಡುಕಿ ತೆಗೆದರೆ ಚಾರ್ಜ್ ಇಲ್ಲ, ಕಡೆಗೆ ಜಗಲಿಯ ಫೋನ್ ಎತ್ತಿ ಪಕ್ಕದ ತೋಟದ ಮನೆಗೆ ಮಾಡಿದರು. ಆ ನಂಬರ್ ಅವರಿಗೆ ಬಾಯಿಪಾಠ. ಹತ್ತು ನಿಮಿಷದಲ್ಲಿ ಜೀಪ್ ಬಂತು. ಮೂಳೆ ಮುರಿದಿರಲಿಲ್ಲ, ಪುಣ್ಯ.

ಹಾಗಾಗಿ ಕೇಳುತ್ತಿದ್ದೇನೆ. ಫೈಬರ್‌ಗೆ ಹೋದರೆ ಕರೆಂಟ್ ಇಲ್ಲದಾಗ ಫೋನ್ ನಡೆಯುತ್ತದಾ? ಹಳೇ ಕಪ್ಪು ಡಯಲ್ ಫೋನನ್ನೇ ಅದಕ್ಕೆ ಹಾಕಬಹುದಾ? ಇನ್ನೊಂದು ವಿಷಯ, ನಮ್ಮ ಲ್ಯಾಂಡ್‌ಲೈನಿಂದ ಮೊಬೈಲ್‌ಗಳಿಗೆ ಕಾಲ್ ಹೋಗುವುದೇ ಇಲ್ಲ. ಮೂರ್ನಾಲ್ಕು ವರ್ಷ ಆಯಿತು, ನಾವೇ ಮಾಡಬೇಕು. ಇದು ಲೈನಿನ ದೋಷವಾ?

ಕೆಂಪಡಿಕೆ:

ಕೊನೆಯದಕ್ಕೆ ಮೊದಲು ಉತ್ತರ. ಮೊಬೈಲ್ ನಂಬರಿಗೆ ಮೊದಲು 0 ಹಾಕುತ್ತಿದ್ದಾರಾ ಕೇಳಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಯಾವ ಮೊಬೈಲ್‌ಗೆ ಮಾಡಿದರೂ ಮೊದಲು 0 ಒತ್ತಲೇಬೇಕು. ನಮ್ಮ ಸಿರ್ಸಿ ಕಡೆಯೂ ಎಷ್ಟೋ ಹಿರಿಯರಿಗೆ ಇದು ಗೊತ್ತಿರಲಿಲ್ಲ. ನಮ್ಮ ದೊಡ್ಡಪ್ಪನೂ ಫೋನ್ ಕೆಟ್ಟಿದೆ ಅಂದುಕೊಂಡು ಒಂದು ವರ್ಷ ಸುಮ್ಮನಿದ್ದರು.

ಹಳೇ ಲೈನ್‌ಮ್ಯಾನ್:

ನಾನು ಮೂವತ್ತೊಂದು ವರ್ಷ ಕಂಬ ಹತ್ತಿದವನು. 2020ರ ಜನವರಿ 31ಕ್ಕೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡೆ. ಆ ಸಲ ದೇಶದಲ್ಲಿ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಜಾಸ್ತಿ ಜನ ಒಟ್ಟಿಗೆ ಹೊರಬಂದೆವು.

ತಾಮ್ರದ ಲೈನಿನಲ್ಲಿ ಫೋನ್ ನಡೆಯುವುದು ನಿಮ್ಮ ಮನೆಯ ಕರೆಂಟಿನಿಂದ ಅಲ್ಲ. ಊರಿನ ಲೈನುಗಳೆಲ್ಲ ಬಂದು ಸೇರುವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೊಡ್ಡ ದೊಡ್ಡ ಬ್ಯಾಟರಿ ಸೆಲ್‌ಗಳು ಸಾಲಾಗಿ ಕೂತಿರುತ್ತವೆ, ಒಂದೊಂದು 2 ವೋಲ್ಟಿನದು, ಅಂಥವು 24. ಒಟ್ಟು 48 ವೋಲ್ಟ್. ಅದೇ ಎರಡು ಎಳೆ ತಂತಿಯಲ್ಲಿ ನಿಮ್ಮ ಜಗಲಿವರೆಗೆ ಬರುತ್ತದೆ. ಗಂಟೆ ಬಾರಿಸುವಾಗ ಇನ್ನೂ ಜಾಸ್ತಿ, 75ರ ಆಸುಪಾಸು. ಕಂಬದ ಮೇಲೆ ಕೂತು ವೈರ್ ಸುಲಿಯುವಾಗ ಅದೇ ಹೊತ್ತಿಗೆ ಯಾರೋ ಆ ಮನೆಗೆ ಫೋನ್ ಮಾಡಿದರೆ ಬೆರಳಿಂದ ಮೊಣಕೈವರೆಗೆ ಜುಮ್ ಅನ್ನುತ್ತಿತ್ತು. ಊರೆಲ್ಲ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿ ಸರಿ ಇರುವವರೆಗೆ ರಿಸೀವರ್ ಎತ್ತಿದರೆ ಟೋನ್ ಇರುತ್ತಿತ್ತು. ನಿಮ್ಮ ಅಮ್ಮನಿಗೆ ಅವತ್ತು ಒದಗಿದ್ದು ಅದೇ ಬ್ಯಾಟರಿ.

ನಮ್ಮ ಕಡೆ ಹಳ್ಳಿ ಹಳ್ಳಿಗೆ ಫೋನ್ ಬಂದಿದ್ದು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಮಾಡಿದ 128 ಲೈನಿನ ಸಣ್ಣ ಎಕ್ಸ್‌ಚೇಂಜಿನಿಂದ. ಅದರಲ್ಲಿ ಮೊದಲನೆಯದು 1986ರಲ್ಲಿ ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲಿ! ಏಸಿ ಬೇಕಾಗಿರಲಿಲ್ಲ, ಧೂಳು, ಸೆಕೆ ಎಲ್ಲ ತಡೆಯುತ್ತಿತ್ತು. ಹಂಚಿನ ಮನೆಯ ಒಂದು ಕೋಣೆಯಲ್ಲಿ ಇಟ್ಟರೂ ನಡೆಯುತ್ತಿತ್ತು. ಅದಕ್ಕೂ ಮುಂಚೆ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯಲ್ಲಿ ಅರ್ಧ ದಿನ ಕಾದವರನ್ನು ನಾನೇ ನೋಡಿದ್ದೇನೆ. ಆ ಪೆಟ್ಟಿಗೆಯನ್ನು ಕಂಡರೆ ನನಗೆ ಈಗಲೂ ಗೌರವ.

ಈಗ ಫೈಬರ್ ವಿಷಯ. ಅದು ಗಾಜಿನ ಎಳೆ, ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಅದಕ್ಕೇ ನಿಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಕೂರಿಸುತ್ತಾರೆ, ಒಎನ್‌ಟಿ ಅಂತ. ಅದಕ್ಕೆ ಮನೆಯದೇ ಕರೆಂಟ್ ಬೇಕು. ಕರೆಂಟ್ ಹೋದ ಕೂಡಲೇ ಫೋನೂ ಹೋಗುತ್ತದೆ. ಇದನ್ನು ಹಾಕುವಾಗ ಯಾರೂ ಬಿಡಿಸಿ ಹೇಳುವುದಿಲ್ಲ, ಜನ ತಮ್ಮ ಹಳೇ ಫೋನೇ ಅಂದುಕೊಂಡಿರುತ್ತಾರೆ. ದಯವಿಟ್ಟು ಇದನ್ನು ಅಪ್ಪಯ್ಯನಿಗೆ ಕೂರಿಸಿ ಹೇಳಿ. ಇನ್ವರ್ಟರ್ ಇದ್ದರೆ ಒಎನ್‌ಟಿಯ ಪ್ಲಗ್ ಅದರ ಲೈನಿಗೇ ಬರಲಿ. ಇಲ್ಲದಿದ್ದರೆ ರೂಟರ್‌ಗೆ ಅಂತಲೇ ಪುಟ್ಟ 12 ವೋಲ್ಟ್ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ಬರುತ್ತದೆ. ಎರಡು ದಿನ ಕರೆಂಟ್ ಇಲ್ಲದ ಮನೆಗೆ ಅದು ಸಾಲದು, ಇನ್ವರ್ಟರ್ ಜೊತೆಗೆ ಸೋಲಾರ್ ಪ್ಯಾನೆಲ್ ಇದ್ದರೆ ಒಳ್ಳೆಯದು.

ಒಂದು ಲಾಭ ಇದೆ. ಸಿಡಿಲಿನ ಹೆದರಿಕೆ ಕಡಿಮೆ. ತಾಮ್ರದಲ್ಲಿ ಏಪ್ರಿಲ್, ಮೇ ತಿಂಗಳ ಒಂದೇ ಮಳೆಗೆ ಎಷ್ಟು ಫೋನ್ ಸುಟ್ಟು ಕರಕಲಾಗುತ್ತಿದ್ದವು ಅಂತ ನನಗೆ ಗೊತ್ತು. ಆದರೂ ಗುಡುಗು ಶುರುವಾದರೆ ಒಎನ್‌ಟಿಯ ಪ್ಲಗ್ ಕಿತ್ತಿಡಲಿ, ಕರೆಂಟಿನ ಕಡೆಯಿಂದ ಸಿಡಿಲು ಬರಬಹುದು.

ಕಪ್ಪು ಫೋನ್ ನಮ್ಮ ದೂರವಾಣಿ ನಗರದ ಐಟಿಐ ಕಾರ್ಖಾನೆಯದೇ ಇರಬೇಕು. ಡಯಲ್ ತಿರುಗಿಸಿ ಬಿಟ್ಟಾಗ ಟಕ್ ಟಕ್ ಅಂತ ಲೈನನ್ನು ಕತ್ತರಿಸುತ್ತಾ ನಂಬರ್ ಕಳಿಸುತ್ತದೆ, ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಬಹಳಷ್ಟು ಒಎನ್‌ಟಿಗಳಿಗೆ ಈ ಭಾಷೆ ತಿಳಿಯುವುದಿಲ್ಲ. ಬರುವ ಕಾಲಿಗೆ ಗಂಟೆ ಹೊಡೆದುಕೊಳ್ಳಬಹುದು, ಹೊರಗೆ ಮಾಡಲು ಬಟನ್ ಫೋನ್ ಬೇಕಾಗುತ್ತದೆ.

ಗಿರಿನಗರ_ರವೆಇಡ್ಲಿ:

ನಾನು ತಮ್ಮನ ಕಡೆ. ಫೈಬರ್ ಹಾಕಿಸಿ, ಆದರೆ ಲ್ಯಾಂಡ್‌ಲೈನಿಗಾಗಿ ಅಲ್ಲ. ಮನೆಯಲ್ಲಿ ವೈಫೈ ಬಂದರೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಟವರ್ ಇಲ್ಲದಿದ್ದರೂ ಅವರದೇ ನಂಬರಿಗೆ ಕಾಲ್ ಬರುತ್ತದೆ. ಅಮ್ಮ ತೋಟದಲ್ಲಿ ಬಿದ್ದಿದ್ದರೆ ಜಗಲಿಯ ಫೋನ್ ಏನು ಮಾಡುತ್ತಿತ್ತು ಹೇಳಿ? ಕೊರಳಿಗೆ ಹಾಕಿಕೊಂಡ ಮೊಬೈಲ್ ಕೈಗೆ ಸಿಗುತ್ತದೆ. ನಾನು ನನ್ನ ಅತ್ತೆಗೆ ದೊಡ್ಡ ಬಟನ್ನಿನ ಮೊಬೈಲ್ ಕೊಡಿಸಿ ದಾರ ಕಟ್ಟಿದ್ದೇನೆ.

ಹಳೇ ಲೈನ್‌ಮ್ಯಾನ್:

ತೋಟದ ಮಾತು ಸರಿ, ಒಪ್ಪುತ್ತೇನೆ. ಆದರೆ ಆ ದೊಡ್ಡ ಬಟನ್ ಮೊಬೈಲ್‌ಗಳಲ್ಲಿ ಹೆಚ್ಚಿನವಕ್ಕೆ ವೈಫೈ ಕಾಲಿಂಗ್ ಬರುವುದಿಲ್ಲ, ತೆಗೆದುಕೊಳ್ಳುವ ಮುಂಚೆ ನೋಡಿ. ಎರಡೂ ಇರಲಿ ಅಂತ ನನ್ನ ಅಭಿಪ್ರಾಯ.

ಮಸ್ಕತ್ ಅಕ್ಕ:

ದಯವಿಟ್ಟು ತೆಗೆಸಬೇಡಿ. ನಮ್ಮದು ಪುತ್ತೂರು, ನಾನು ಮಸ್ಕತ್‌ಗೆ ಬಂದು 19 ವರ್ಷ. ನಾವು ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಅಕ್ಕನ ಮದುವೆ ಕಾಗದದಲ್ಲಿ ಅಂಗಡಿಯವರ ನಂಬರ್ ಹಾಕಿ ಪಕ್ಕದಲ್ಲಿ ಪಿ.ಪಿ. (ಬೇರೆಯವರ ಫೋನ್, ಕರೆದು ಕೊಡುತ್ತಾರೆ) ಅಂತ ಅಚ್ಚು ಹಾಕಿಸಿದ್ದೆವು. ಧಾರವಾಡದಲ್ಲಿ ಓದುವಾಗ ರಾತ್ರಿ 11 ಆಗಲಿ ಅಂತ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದೆ, ಆ ಹೊತ್ತಿಗೆ ಕಾಲುಭಾಗ ದರ. ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು, ಆ ಕಡೆ ಊರಿನ ಅಂಗಡಿಯವರು ಮನೆಯಿಂದ ಅಮ್ಮನನ್ನು ಕರೆತರುವವರೆಗೆ ಆ ಅಂಕಿಯನ್ನೇ ನೋಡುತ್ತಾ ನಿಂತಿರುತ್ತಿದ್ದೆ.

ಆಮೇಲೆ ನಮ್ಮ ಮನೆಗೇ ಫೋನ್ ಬಂತು. ಮನೆಗೆ ಮಾಡಿದರೆ ಯಾರು ಎತ್ತುತ್ತಾರೋ ಗೊತ್ತಿರಲಿಲ್ಲ. ಒಂದು ದಿನ ಅಜ್ಜಿ, ಒಂದು ದಿನ ಕೆಲಸಕ್ಕೆ ಬಂದ ಸೀತಕ್ಕ, ಒಂದು ದಿನ ಸುಮ್ನೆ ಬಂದು ಕೂತಿದ್ದ ಮಾವ. ಎಲ್ಲರ ಜೊತೆ ಎರಡೆರಡು ಮಾತಾಡಿ ಆಮೇಲೆ ಅಮ್ಮ. ನಾಲ್ಕು ವರ್ಷದ ಹಿಂದೆ ಅಣ್ಣ ಲೈನ್ ತೆಗೆಸಿದ. ಈಗ ಅಮ್ಮನ ಮೊಬೈಲ್‌ಗೆ ಮಾಡಿದರೆ ಅಮ್ಮ ಮಾತ್ರ ಸಿಗುತ್ತಾರೆ. ಸೀತಕ್ಕನ ದನಿ ಕೇಳಿ ನಾಲ್ಕು ವರ್ಷ ಆಯಿತು.

ತುಂಗೆದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರದ ಹಿಂದೆ ಊರಿಗೆ ಹೋಗಿ ಫೈಬರ್ ಹಾಕಿಸಿ ಬಂದೆ. ನಂಬರ್ ಹಳೆಯದೇ ಉಳಿಯಿತು. ಲೈನ್‌ಮ್ಯಾನ್ ಸರ್ ಹೇಳಿದ ಹಾಗೇ ಆಯಿತು, ಕಪ್ಪು ಫೋನಿಗೆ ಗಂಟೆ ಬರುತ್ತದೆ, ಡಯಲ್ ತಿರುಗಿಸಿದರೆ ಏನೂ ಆಗುವುದಿಲ್ಲ. ಅದರ ಪಕ್ಕ ಒಂದು ಬಟನ್ ಫೋನ್ ಇಟ್ಟೆವು. ಒಎನ್‌ಟಿಯನ್ನು ಇನ್ವರ್ಟರ್ ಲೈನಿಗೆ ಹಾಕಿಸಿ, ಮೇನ್ ಸ್ವಿಚ್ ಆರಿಸಿ, ಅಪ್ಪಯ್ಯನ ಕೈಗೇ ರಿಸೀವರ್ ಕೊಟ್ಟೆ. ಟೋನ್ ಇತ್ತು.

ಜಗಲಿಯ ಗೋಡೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರ್‌ಗಳಿವೆ, ಪುರೋಹಿತರದು, ಕೆಇಬಿಯದು, ಅಡಿಕೆ ಮಂಡಿಯದು, ಅರ್ಧದಷ್ಟು ಈಗ ಇಲ್ಲದವರದು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ನಮ್ಮ ಮೊಬೈಲ್ ನಂಬರ್‌ಗಳಿಗೆಲ್ಲ ಮೊದಲಿಗೆ ಒಂದೊಂದು 0 ಬರೆದರು. ಆಮೇಲೆ ಎದುರಿಗೇ ನಿಂತಿದ್ದ ನನ್ನ ಮೊಬೈಲ್‌ಗೆ ಮಾಡಿ ನೋಡಿದರು, ಅದು ಹೋಗಲಿಲ್ಲ, ಮನೆಯೊಳಗೆ ಸಿಗ್ನಲ್ ಇಲ್ಲವಲ್ಲ! ತಮ್ಮನಿಗೆ ಮಾಡಿದರು. ಹೋಯಿತು.

ಸರ್, ಒಂದೇ ಕೊನೆಯ ಪ್ರಶ್ನೆ. ಅಮ್ಮ ಅಡುಗೆಮನೆಯಲ್ಲೇ ಜಾಸ್ತಿ ಹೊತ್ತು ಇರುವುದು. ಅಲ್ಲಿಗೊಂದು ಪ್ಯಾರಲಲ್ (ಅದೇ ಲೈನಿನ ಇನ್ನೊಂದು ಫೋನ್) ಎಳೆಯಬಹುದಾ?

ಹಳೇ ಲೈನ್‌ಮ್ಯಾನ್:

ಎಳೆಯಬಹುದು. ಒಲೆಯ ಹೊಗೆ, ನೀರು ತಾಗದ ಕಡೆ ಹಾಕಿ. ಗೋಡೆಗೆ ಮೇಲೆ ಬೇಡ, ನೆಲದಿಂದ ಎರಡು ಅಡಿ ಸಾಕು, ಬಿದ್ದವರಿಗೂ ಕೈಗೆ ಎಟುಕಬೇಕು.