ಹಳೇ ವ್ಯಾಗನ್‌ಆರ್, ಕ್ಲೇಮ್‌ನಲ್ಲಿ 38,000 ಕೈಗೆ: ಇಷ್ಟರಲ್ಲಿ ರಿಪೇರಿ ಆಗುತ್ತಾ?

ಪ್ರಶ್ನೆ (ಚಿಕ್ಕಮಗಳೂರು): 2012ರ ವ್ಯಾಗನ್‌ಆರ್, ಸಿಲ್ವರ್ ಬಣ್ಣ. ಕಡೂರು ರಸ್ತೆಯಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರ್‌ಗೆ ಹಿಂದಿನಿಂದ ಗುದ್ದಿದೆ. ಬಾನೆಟ್, ಎಡಗಡೆ ಹೆಡ್‌ಲೈಟ್ ಮತ್ತು ಫೆಂಡರ್, ಬಂಪರ್, ರೇಡಿಯೇಟರ್, ಎಸಿ ಕಂಡೆನ್ಸರ್ ಹೋಗಿವೆ. ಐಡಿವಿ (ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆ) 1,10,000. ಶೋರೂಮ್ ಎಸ್ಟಿಮೇಟ್ 74,000: ಲೋಹದ ಪಾರ್ಟ್ಸ್ 28,000, ಪ್ಲಾಸ್ಟಿಕ್ 14,000, ಲೇಬರ್ 14,000, ಪೇಂಟಿಂಗ್ 18,000. ರಿಪೇರಿ ಬಿಲ್ ಇಲ್ಲದೆ ಕ್ಯಾಶ್ ಲಾಸ್ (ಕ್ಲೇಮ್ ದುಡ್ಡು ನೇರ ಕೈಗೆ) ತಗೊಂಡ್ರೆ 38,000 ಕೊಡ್ತೀವಿ ಅಂತಾರೆ ವಿಮೆ ಕಂಪನಿಯವರು. ಯಾವುದು ಲಾಭ?

ಉತ್ತರ (ವಿಮೆ ಸರ್ವೇಯರ್, ಹಾಸನ): ಮೊದಲು ಲೆಕ್ಕ ನೋಡಿ ಸಾರ್. 10 ವರ್ಷ ದಾಟಿದ ಗಾಡಿಗೆ ಲೋಹದ ಭಾಗಕ್ಕೆ ಶೇ 50 ಸವಕಳಿ (ಹಳೇದಾಗಿದ್ದಕ್ಕೆ ಕಳೆಯೋ ಬೆಲೆ), ಪ್ಲಾಸ್ಟಿಕ್, ರಬ್ಬರ್‌ಗೆ ವಯಸ್ಸು ಎಷ್ಟೇ ಇರಲಿ ಶೇ 50. ಪೇಂಟಿಂಗ್ ಬಿಲ್‌ನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನು ಅಂತ ಹಿಡಿದು ಅದರಲ್ಲಿ ಅರ್ಧ ಕಳೀತಾರೆ. ಅಂದ್ರೆ ಕಳೆಯೋದು 14,000 + 7,000 + 2,250. ಮೇಲೆ 1500 ಸಿಸಿ ಒಳಗಿನ ಗಾಡಿಗೆ ಕಡ್ಡಾಯ ಕಡಿತ 1,000. ಉಳಿಯೋದು 49,750, ಶೋರೂಮ್‌ನಲ್ಲಿ ಮಾಡಿಸಿದ್ರೆ ನಿಮ್ಮ ಜೇಬಿನಿಂದ 24,250. ಲೇಬರ್‌ಗೆ ಸವಕಳಿ ಇಲ್ಲ, ಗಾಜು ಒಡೆದಿದ್ರೆ ಅದಕ್ಕೂ ಇಲ್ಲ.

ಕ್ಯಾಶ್ ಲಾಸ್‌ನಲ್ಲಿ ಜಿಎಸ್‌ಟಿ ಸಿಗಲ್ಲ, ಹಳೇ ಪಾರ್ಟ್ಸ್‌ನ ಬೆಲೆಯನ್ನೂ ಮುರ್ಕೋತಾರೆ, ಅದಕ್ಕೇ 38,000ಕ್ಕೆ ಇಳಿದಿರೋದು. ಒಪ್ಪೋ ಮುಂಚೆ ಒಂದು ಕೆಲಸ ಮಾಡಿ: ಬಂಪರ್ ಬಿಚ್ಚಿಸಿ ಒಳಗಡೆ ತೋರಿಸಿ. ಸಪೋರ್ಟ್ ಪ್ಯಾನೆಲ್ (ರೇಡಿಯೇಟರ್ ಹಿಡಿದಿರೋ ಚೌಕಟ್ಟು), ಫ್ಯಾನ್ ಮೋಟರ್ ಇವೆಲ್ಲ ಬಿಚ್ಚಿದ ಮೇಲೇ ಕಾಣೋದು. ಸಹಿ ಹಾಕಿದ ಮೇಲೆ ಸಿಕ್ಕ ಡ್ಯಾಮೇಜ್ ನಿಮ್ಮ ತಲೆಗೇ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದ್ರೆ, ಅಂದ್ರೆ ನಿಮ್ಮ ಗಾಡಿಗೆ 82,500, ಟೋಟಲ್ ಲಾಸ್ (ರಿಪೇರಿಗೆ ಲಾಯಕ್ಕಿಲ್ಲ ಅಂತ ಲೆಕ್ಕ) ಆಗುತ್ತೆ. ಆಗ ಮಾತೇ ಬೇರೆ.

ಉತ್ತರ (ಟಿಂಕರಿಂಗ್ ಶಾಪ್, ಹಾಸನ): ಟ್ರೈಲರ್ ಎತ್ತರದಲ್ಲಿರೋದ್ರಿಂದ ಪೆಟ್ಟು ಬಾನೆಟ್ ಮಟ್ಟಕ್ಕೆ ಬಿದ್ದಿರುತ್ತೆ, ಕೆಳಗಿನ ಚಾಸಿ ಲೆಗ್ (ಮುಂಭಾಗ ಹೊರೋ ಉಕ್ಕಿನ ತೊಲೆ) ಉಳಿದಿರೋ ಸಾಧ್ಯತೆ ಜಾಸ್ತಿ. ಆದ್ರೂ ಅಳೆಯದೆ ನಂಬಬೇಡಿ. ಬಲ ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್) ಬೋಲ್ಟ್‌ನಿಂದ ಎಡ ಹೆಡ್‌ಲೈಟ್ ಕೂರೋ ತೂತಿಗೆ, ಎಡದಿಂದ ಬಲಕ್ಕೆ, ಅಡ್ಡಡ್ಡ ಟೇಪ್ ಹಿಡೀರಿ. ಎರಡರ ವ್ಯತ್ಯಾಸ 3 ಮಿ.ಮೀ. ಒಳಗಿದ್ರೆ ಸರಿ. ಜಾಸ್ತಿ ಇದ್ರೆ ಮೊದಲು ಬಗ್ಗಿದ ಚಾಸಿ ಎಳೆಸಿ ನೇರ ಮಾಡಿಸಬೇಕು. ಇಲ್ಲಾಂದ್ರೆ ಹೊಸ ಫೆಂಡರ್ ಹಾಕಿದ್ರೂ ಬಾಗಿಲಿನ ಸಂದು ಕೂಡಲ್ಲ. ಸಪೋರ್ಟ್ ಪ್ಯಾನೆಲ್‌ಗೆ ಸ್ಪಾಟ್ ವೆಲ್ಡೇ ಹೊಡೆಸಿ. ಗ್ಯಾಸ್ ವೆಲ್ಡಿಂಗ್ ಬಿಸಿಗೆ ಸುತ್ತಲ ತಗಡು ಮೆತ್ತಗಾಗಿ ತುಕ್ಕು ಬೇಗ ಹಿಡಿಯುತ್ತೆ.

ಬಾನೆಟ್, ಫೆಂಡರ್, ಹೆಡ್‌ಲೈಟ್ ಗುಜರಿಯಿಂದ ತಗೊಳ್ಳಿ, ತಪ್ಪೇನಿಲ್ಲ. ಸಿಲ್ವರ್‌ದೇ ಸಿಕ್ಕಿದ್ರೆ ಬಣ್ಣದ ಖರ್ಚೇ ಅರ್ಧ ಉಳಿಯುತ್ತೆ, ಶೇಡ್ ಸ್ವಲ್ಪ ಮಾಸಿರುತ್ತೆ ಅಷ್ಟೆ. ಬಾನೆಟ್ ಮೇಲೆ ಮ್ಯಾಗ್ನೆಟ್ ಓಡಿಸಿ, ಹಿಡಿತ ಸಡಿಲ ಆದ ಕಡೆ ಪುಟ್ಟಿ ತುಂಬಿದಾರೆ ಅಂತ ಅರ್ಥ. ಮುಂದಿನ ಮಡಿಕೆಯಲ್ಲಿ ಬೆರಳಾಡಿಸಿ, ತುಕ್ಕು ಅಲ್ಲೇ ಶುರುವಾಗೋದು. ಬಾನೆಟ್ ಲಾಕ್ ಮಾತ್ರ ಹೊಸದು. ಬಗ್ಗಿದ ಲಾಕ್ ಹೆದ್ದಾರಿಯಲ್ಲಿ ಬಿಟ್ಕೊಂಡ್ರೆ ಬಾನೆಟ್ ಎದ್ದು ಗಾಜಿಗೆ ಬಡಿಯುತ್ತೆ. ಬಂಪರ್ ಸೀಳಿದ್ರೆ ಪ್ಲಾಸ್ಟಿಕ್ ವೆಲ್ಡ್ ಸಾಕು.

ರೇಡಿಯೇಟರ್ ಹಳೇದು ಯಾರು ಕೊಟ್ರೂ ಬೇಡ. ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಬಿಸಿಗೆ ಪೆಡಸಾಗಿ ಅಲ್ಯೂಮಿನಿಯಂ ಸೇರೋ ಅಂಚಲ್ಲೇ ಬಿರುಕು ಬಿಡುತ್ತೆ. ಹೊಸದು ಹಾಕಿ, ಕೂಲೆಂಟ್‌ಗೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ, ಗಾಳಿ ಪೂರ್ತಿ ತೆಗೆಸಿ. ಅಲ್ಲೀವರೆಗೂ ಗಾಡಿ ಟೋ ಮಾಡಿಸಿ. ನೀರಿಲ್ಲದೆ ಓಡಿಸಿ ಹೆಡ್ ಗ್ಯಾಸ್ಕೆಟ್ ಹೋದ್ರೆ ಆ ದುಡ್ಡು ಕ್ಲೇಮ್‌ನಲ್ಲಿ ಬರಲ್ಲ. ಎಸಿ ಕಂಡೆನ್ಸರ್ ಆಮೇಲೆ ಹಾಕಿಸಬಹುದು; ಪೈಪ್ ಬಾಯಿಗಳನ್ನ ಈಗಲೇ ಮುಚ್ಚಿಸಿ, ತೇವ ಒಳಗೆ ಹೋದ್ರೆ ಎಸಿಯ ಡ್ರೈಯರ್ (ತೇವ ಹೀರೋ ಭಾಗ) ಹಾಳು.

ಮರುಪ್ರಶ್ನೆ: ಹಾಗಾದ್ರೆ ಕ್ಯಾಶ್ ಲಾಸೇ ತಗೋತೀನಿ. ಮಳೆ ಹಿಡಿದಿದೆ, ಪೇಂಟ್ ಈಗಲೇ ಮಾಡಿಸಲಾ?

ಉತ್ತರ (ಟಿಂಕರಿಂಗ್ ಶಾಪ್): ಪೇಂಟ್ ಬೂತ್ (ಬಣ್ಣ ಹೊಡೆಯೋ ಮುಚ್ಚಿದ ಕೋಣೆ) ಇಲ್ಲದ ಶೆಡ್‌ನಲ್ಲಿ ಬೇಡ. ಪುಟ್ಟಿ ತೇವ ಹೀರ್ಕೊಂಡು ಕೆಲವೇ ತಿಂಗಳಲ್ಲಿ ಗುಳ್ಳೆ ಏಳುತ್ತೆ. ಬರೀ ತಗಡಿಗೆ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯೋ ತಳದ ಲೇಪ) ಹೊಡೆಸಿ ಓಡಿಸಿ, ಬಣ್ಣ ದಸರಾ ಆದ ಮೇಲೆ. ಪುಟ್ಟಿ 2 ಮಿ.ಮೀ. ದಾಟಬಾರದು.

ಉತ್ತರ (ಸರ್ವೇಯರ್): ಕೆಲಸ ಮುಗಿದ ಮೇಲೆ ನಾಲ್ಕೂ ಕಡೆಯ ಫೋಟೊ, ಪಾರ್ಟ್ಸ್ ಬಿಲ್ ಎತ್ತಿಟ್ಟು ವಿಮೆ ಕಂಪನಿಗೆ ರೀ-ಇನ್‌ಸ್ಪೆಕ್ಷನ್ (ಮರುತಪಾಸಣೆ) ಕೇಳಿ. ಇಲ್ಲಾಂದ್ರೆ ಮುಂದೆ ಅದೇ ಜಾಗಕ್ಕೆ ಪೆಟ್ಟು ಬಿದ್ರೆ ಹಳೇ ಡ್ಯಾಮೇಜ್ ಅಂತ ತಿರಸ್ಕರಿಸ್ತಾರೆ. ರಿನ್ಯೂವಲ್‌ನಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಸೊನ್ನೆ ಆಗುತ್ತೆ, ಶೇ 50 ಇತ್ತು ಅಂದ್ರೆ ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿ. ಇನ್ನೊಂದು, 2012ರ ಗಾಡಿ ಅಂದ್ರೆ ಆರ್‌ಸಿ 15 ವರ್ಷಕ್ಕೆ, 2027ರಲ್ಲಿ ಮುಗಿಯುತ್ತೆ. ಆಮೇಲೂ ಇಟ್ಕೊಳ್ಳೋದಾದ್ರೆ ಮಾತ್ರ ಪೂರ್ತಿ ಪೇಂಟಿಂಗ್‌ಗೆ ಕೈ ಹಾಕಿ.